ಆಚೆ ದಡದ ರಜೆ

ಇಸ್ತ್ರಿಯಮ್ಮನ ಅಂಗಡಿಗೆ ವರ್ಷದಲ್ಲಿ ಕೆಲವು ದಿನ ಸುಮ್ಮಸುಮ್ಮನೆ ಬಾಗಿಲು ಬೀಳುತ್ತಿತ್ತು. ಬೀದಿಗೆ ಹೊಸದಾಗಿ ಬಂದವರು ಅರ್ಜೆಂಟಿನ ಅಂಗಿ ಹಿಡಿದುಕೊಂಡು ಬಂದು, ಮುಚ್ಚಿದ ಹಲಗೆ ನೋಡಿ, ಪಕ್ಕದ ಸೈಕಲ್ ಅಂಗಡಿಯವನನ್ನು ಕೇಳುತ್ತಿದ್ದರು.

“ಇವತ್ತೇನು ರಜ? ಶಾಲೆ ಇದೆ, ಬ್ಯಾಂಕ್ ಇದೆ, ಎಲ್ಲಾ ಇದೆ!”

“ನಮಗಲ್ಲ ಸ್ವಾಮಿ, ಸೇತುವೆ ಆಚೆಯವರಿಗೆ. ಅಲ್ಲಿ ಬಾವುಟ ಏರಿದ್ರೆ ಇಲ್ಲಿ ಈ ಅಮ್ಮನ ಇಸ್ತ್ರಿಪೆಟ್ಟಿಗೆ ತಣ್ಣಗಾಗತ್ತೆ,” ಎಂದು ಅವನು ಚಕ್ರ ತಿರುಗಿಸುತ್ತಲೇ ಹೇಳುತ್ತಿದ್ದ.

ವಿಷಯ ಇಷ್ಟೇ. ಇಸ್ತ್ರಿಯಮ್ಮನ ಸೊಸೆ ದಿನಾ ಬೆಳಗ್ಗೆ ಸೇತುವೆ ದಾಟಿ ಪಕ್ಕದ ದೇಶದ ಛತ್ರಿ ಕಾರ್ಖಾನೆಗೆ ಹೋಗುತ್ತಿದ್ದಳು, ಸಂಜೆ ವಾಪಸು ಬರುತ್ತಿದ್ದಳು. ಎರಡೂ ದಡದವರಿಗೆ ಗುರುತಿನ ಚೀಟಿ ತೋರಿಸಿದರೆ ಸಾಕಿತ್ತು, ಕಾವಲಿನವರು ಮುಖ ನೋಡಿಯೇ ಬಿಡುತ್ತಿದ್ದರು. ಆದರೆ ಕೆಲಸ ಅಲ್ಲಿಯದಾದ ಮೇಲೆ ರಜೆಯೂ ಅಲ್ಲಿಯದೇ. ನಮ್ಮ ಬಾವುಟದ ದಿನ, ನಮ್ಮ ಸೈನಿಕರ ದಿನ, ಊರಿಗೆ ಊರೇ ಮನೆಯಲ್ಲಿ ಕಾಲು ಚಾಚಿ ಕೂತಿದ್ದಾಗ ಅವಳು ಊಟದ ಡಬ್ಬಿ ಹಿಡಿದು ಹೊರಡಬೇಕು. ಅವರು ಗಿಡ ನೆಡುವ ದಿನ, ಅವರ ಮೊದಲ ಅಧ್ಯಕ್ಷರು ಹುಟ್ಟಿದ ದಿನ, ಅವರು ಯುದ್ಧ ಗೆದ್ದ ದಿನ ಅವಳು ಮನೆಯಲ್ಲಿ. ಅಂಥ ದಿನ ಗಂಡ ಬಸ್ಸಿನ ಸ್ಟಿಯರಿಂಗ್ ಹಿಂದೆ, ಮಗಳು ಶಾಲೆಯಲ್ಲಿ. ಎರಡೂ ದೇಶಕ್ಕೆ ಒಟ್ಟಿಗೇ ಬರುವ ರಜೆ ಎಂದರೆ ಹೊಸ ವರ್ಷದ ಮೊದಲ ದಿನ ಒಂದೇ. ಅವತ್ತು ಜನ ನೆಂಟರ ಮನೆಗೆ ಓಡಾಡುತ್ತಾರೆಂದು ಡಿಪೋದವರು ಹೆಚ್ಚು ಬಸ್ಸು ಬಿಡುತ್ತಿದ್ದರು. ಡ್ರೈವರ್ ಮಗನಿಗೆ ಆ ದಿನವೂ ಇಲ್ಲ.

ಹೀಗಾಗಿ ಆಚೆ ದಡದ ರಜೆಯಲ್ಲಿ ಮನೆಯೊಳಗೆ ಉಳಿಯುತ್ತಿದ್ದವರು ಅತ್ತೆ ಸೊಸೆ ಇಬ್ಬರೇ. ಇನ್ನೊಬ್ಬ, ಇಸ್ತ್ರಿಯಮ್ಮನ ಮೈದುನ ಸಿಪಾಯಿ ತಾತ, ಇದ್ದೂ ಇಲ್ಲದ ಹಾಗೆ. ಬೆಳಗಾದರೆ ಕೋಲು ಹಿಡಿದು ಕ್ಷೌರದ ಅಂಗಡಿಗೆ ಹೋದನೆಂದರೆ ಊಟಕ್ಕೇ ಬರುವವನು.

ಆ ದಿನ ಯುದ್ಧ ಗೆದ್ದ ದಿನ. ಹೊಳೆಯಾಚೆಯಿಂದ ಬ್ಯಾಂಡಿನ ಸದ್ದು ಕೇಳುತ್ತಿತ್ತು. ಸಿಪಾಯಿ ತಾತ ಚಪ್ಪಲಿ ಮೆಟ್ಟುತ್ತಾ ಬಾಗಿಲಲ್ಲಿ ನಿಂತ.

“ಅತ್ತಿಗೆ, ಅವರು ಗೆದ್ದಿದ್ದು ಯಾರ ಮೇಲೆ ಅಂತ ಜ್ಞಾಪಕ ಇದೆಯಾ?”

“ನಮ್ಮ ಮೇಲೆ.”

“ಈ ಕಾಲು ಸೊಟ್ಟ ಆಗಿದ್ದು ಯಾವ ಯುದ್ಧದಲ್ಲಿ?”

“ಅದರಲ್ಲೇ. ವರ್ಷಾ ವರ್ಷಾ ಹೇಳ್ತೀಯಲ್ಲಪ್ಪ.”

“ಸರಿ. ನನ್ನ ಕಾಲು ಮುರಿದ ಸಂತೋಷಕ್ಕೆ ಅತ್ತೆ ಸೊಸೆ ಆರಾಮಾಗಿ ಮಲಗಿ,” ಎಂದು ಗೊಣಗಿಕೊಂಡು ಹೊರಟ. ಸೊಸೆ ಹೊದಿಕೆಯೊಳಗಿಂದಲೇ, “ಮಾವಾ, ಬರ್ತಾ ಬನ್ ತನ್ನಿ,” ಎಂದು ಕೂಗಿದಳು. “ನೋಡೋಣ,” ಎಂದ ತಾತ. ಅವನ ‘ನೋಡೋಣ’ ಎಂದರೆ ತರುತ್ತಾನೆ ಎಂದೇ ಅರ್ಥ.

ಅಂಥ ದಿನ ಬೆಳಗಿನ ಟೀಗೆ ಬಿಟ್ಟರೆ ಒಲೆ ಹಚ್ಚುವಂತಿಲ್ಲ. ಅದು ಅವರಿಬ್ಬರೇ ಮಾಡಿಕೊಂಡ ಕಟ್ಟಳೆ. ಒಂದೇ ಸಲ ಫ್ಲಾಸ್ಕಿನ ತುಂಬ ಟೀ ಮಾಡಿಟ್ಟು, ನಿನ್ನೆಯ ಬ್ರೆಡ್ಡನ್ನು ಅದ್ದಿಕೊಂಡು ತಿನ್ನುವುದು. ಆಮೇಲೆ ಕೋಣೆಯಲ್ಲಿ ಚಾಪೆ ಹಾಸಿ, ಪಕ್ಕಪಕ್ಕ ಮಲಗಿ, ನಾಲ್ಕೂ ಕಾಲನ್ನು ಎತ್ತಿ ಗೋಡೆಗೆ ಆನಿಸುವುದು. ಇಬ್ಬರದೂ ದಿನವಿಡೀ ನಿಂತು ಮಾಡುವ ಕೆಲಸ. ಒಬ್ಬಳು ಮೇಜಿನ ಮುಂದೆ ನಿಂತರೆ ಇನ್ನೊಬ್ಬಳು ಕಾರ್ಖಾನೆಯಲ್ಲಿ. ಕಾಲಲ್ಲಿ ಇಳಿದ ರಕ್ತ ಹೀಗೆ ಮಲಗಿದರೆ ಮೇಲಕ್ಕೆ ಬರುತ್ತದೆ ಎಂದು ಕಂಡುಹಿಡಿದವಳು ಸೊಸೆ. ಮೊದಮೊದಲು ಇಸ್ತ್ರಿಯಮ್ಮನಿಗೆ ನಾಚಿಕೆಯಾಗಿತ್ತು, ಈ ವಯಸ್ಸಿನಲ್ಲಿ ಕಾಲು ಮೇಲೆ ಮಾಡಿ ಮಲಗುವುದೇ ಎಂದು. ಈಗ ಗೋಡೆಯ ಸುಣ್ಣದ ಮೇಲೆ ಅವಳ ಹಿಮ್ಮಡಿಯ ಗುರುತೇ ಹೆಚ್ಚು ಕಪ್ಪಾಗಿತ್ತು.

ಆ ಸ್ಥಿತಿಯಲ್ಲಿ ಅವರು ಆಡದ ಮಾತಿರಲಿಲ್ಲ. ಕಾರ್ಖಾನೆಯ ಮೇಸ್ತ್ರಿ ಮೀಸೆಗೆ ಬಣ್ಣ ಹಚ್ಚಿ ಬೆವರಿದ್ದು, ಅಂಚೆಯವನ ಪ್ಯಾಂಟಿನ ಜೇಬಿನಲ್ಲಿ ದಿನಾ ಸಿಗುವ ಹೂವಿನ ಎಸಳು. ಬೇರೆ ದಿನ ಇಬ್ಬರ ನಡುವೆ ನಡೆಯುವ ಮಾತೆಂದರೆ ‘ಅನ್ನ ಆಯ್ತಾ’, ‘ಮಗು ಹಲ್ಲುಜ್ಜಿದ್ಲಾ’, ಅಷ್ಟೇ. ಇಸ್ತ್ರಿಯಮ್ಮನಿಗೆ ಹೆಣ್ಣುಮಕ್ಕಳಿರಲಿಲ್ಲ. ಗಂಡನಿದ್ದಾಗಲೂ ಹೀಗೆ ಮಲಗಿ ನಕ್ಕವಳಲ್ಲ.

ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದಾಗ ಬಾಗಿಲು ತೆರೆಯಿತು. ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡ ಮೊಮ್ಮಗಳು ನಿಂತಿದ್ದಳು. ಅವಳನ್ನು ಎಲ್ಲರೂ ಕರೆಯುವುದು ಮೆಣಸು ಎಂದು. ಹಾಗೇ ಇದ್ದಳು, ಚಿಕ್ಕದು, ಖಾರ.

“ಇದೇನೇ, ಶಾಲೆ ಇಷ್ಟು ಬೇಗ ಬಿಡ್ತಾ?” ತಾಯಿ ತಟ್ಟನೆ ಕಾಲು ಇಳಿಸಿದಳು.

“ಬಿಡ್ಲಿಲ್ಲ. ನಾನೇ ಬಂದೆ. ಟೀಚರ್‌ಗೆ ಹೇಳಿದೆ, ನಮ್ಮನೇಲಿ ಇವತ್ತು ರಜ ಅಂತ. ಅವರು ನಕ್ಕರು.”

“ಒಬ್ಬಳೇ ಬಂದ್ಯಾ? ದೊಡ್ಡ ರಸ್ತೆ?”

ಮೆಣಸು ಚೀಲ ಕೆಳಗಿಟ್ಟಳು. ಗೋಡೆ ನೋಡಿದಳು, ಚಾಪೆ ನೋಡಿದಳು, ಟೀ ಲೋಟ ನೋಡಿದಳು.

“ನನಗೆ ರಜ ಇದ್ದಾಗ ಅಮ್ಮ ಇರಲ್ಲ. ಅಮ್ಮಂಗೆ ರಜ ಇದ್ದಾಗ ನೀವಿಬ್ಬರೇ ಹೀಗೆಲ್ಲಾ ಆಟ ಆಡ್ತೀರ. ನನ್ನ ಬಿಟ್ಟು.”

ಇಸ್ತ್ರಿಯಮ್ಮನ ಕಾಲು ಇನ್ನೂ ಗೋಡೆಯ ಮೇಲೇ ಇತ್ತು, ಇಳಿಸುವುದು ಮರೆತೇ ಹೋಗಿತ್ತು.

ಸಂಜೆ ಡ್ರೈವರ್ ಮಗ ಮನೆಗೆ ಬಂದದ್ದೇ ಮುಖ ಗಂಟಿಕ್ಕಿಕೊಂಡು. ಅವನ ಜೊತೆಯ ಡ್ರೈವರೊಬ್ಬ ದೊಡ್ಡ ರಸ್ತೆಯಲ್ಲಿ ಬ್ರೇಕು ತುಳಿದು ನಿಲ್ಲಿಸಿದ್ದನಂತೆ. ಬಸ್ಸಿನ ಮುಂದೆ ಚೀಲ ಹೊತ್ತ ಹುಡುಗಿ. ನೋಡಿದರೆ ನಿನ್ನ ಮಗಳು ಕಣಯ್ಯಾ ಎಂದು ಡಿಪೋದಲ್ಲಿ ಎಲ್ಲರೆದುರು ಹೇಳಿದ್ದ.

ತಟ್ಟೆ ಹಾಕಿ ಕೂತ ಮೇಲೂ ಅವನು ಅನ್ನಕ್ಕೆ ಕೈ ಹಚ್ಚಲಿಲ್ಲ.

“ಸಾಕು. ಆ ಕೆಲಸ ಬಿಟ್ಟುಬಿಡು.”

“ಅವಳು ರಸ್ತೆ ದಾಟಿದ್ದಕ್ಕೂ ನನ್ನ ಕೆಲಸಕ್ಕೂ ಏನ್ರೀ ಸಂಬಂಧ?” ಸೊಸೆ ಬೇಳೆ ಬಡಿಸುತ್ತಾ ಕೇಳಿದಳು.

“ಇದೆ. ತಾಯಿ ಮುಖ ನೋಡೋಕೆ ಮಗು ಶಾಲೆ ತಪ್ಪಿಸಿ ಓಡಿಬರತ್ತೆ ಅಂದ್ರೆ ಇದು ಮನೆನಾ, ಬಸ್‌ಸ್ಟ್ಯಾಂಡಾ? ನಾನು ಬಂದಾಗ ನೀನಿರಲ್ಲ, ನೀನು ಬಂದಾಗ ನಾನಿರಲ್ಲ. ಮದುವೆಯಾದಾಗಿಂದ ಒಂದು ದಿನ, ಒಂದೇ ಒಂದು ದಿನ, ಬೆಳಗಿಂದ ಸಂಜೆವರೆಗೆ ನಾವು ಒಟ್ಟಿಗೆ ಕೂತಿದ್ದೀವಾ ಹೇಳು.”

“ಮೆಣಸು ಹುಟ್ಟಿದಾಗ ಆಸ್ಪತ್ರೇಲಿ ಕೂತಿದ್ವಿ.”

“ತಮಾಷೆ ಮಾಡಬೇಡ.”

“ತಮಾಷೆ ಅಲ್ಲ, ಲೆಕ್ಕ ಹೇಳಿದೆ.”

ಸಿಪಾಯಿ ತಾತನಿಗೆ ನಗು ಬಂದು ಕೆಮ್ಮಿದ. ಡ್ರೈವರ್ ತಾಯಿಯ ಕಡೆ ತಿರುಗಿದ. “ನೀನೇ ಹೇಳಮ್ಮ. ಹಬ್ಬ ಹುಣ್ಣಿಮೆಗೆ ಸೊಸೆ ಮನೇಲಿಲ್ಲ ಅಂತ ನೀನೇ ನೆಂಟರ ಹತ್ತಿರ ಹೇಳ್ಕೊಂಡಿಲ್ವಾ?”

ಹೇಳಿಕೊಂಡಿದ್ದಳು. ಬಂದವರೆದುರು ಹಾಗೆ ಹೇಳದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಬಾಯಿಮಾತಿಗೆ ಹೇಳಿದ್ದಳು. ಈಗ ಆ ಮಾತೇ ತಟ್ಟೆಯ ಪಕ್ಕ ಬಂದು ಕೂತಿತ್ತು. “ಮೊದಲು ಊಟ ಮಾಡು, ಆರ್ತಿದೆ,” ಎಂದಳು.

ಮಗ ಸುಮ್ಮನಾಗುವವನಲ್ಲ. ಅವನ ಬಸ್ಸಿನಲ್ಲಿ ದಿನಾ ಓಡಾಡುವ ಊರಿನ ಆಸ್ಪತ್ರೆಯ ಗುಮಾಸ್ತನೊಬ್ಬನನ್ನು ಹಿಡಿದು, ಅಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಒಂದು ಜಾಗ ಇದೆಯೆಂದು ತಿಳಿದುಕೊಂಡು ಬಂದ. ಸಂಬಳ ಹೆಚ್ಚುಕಡಿಮೆ ಅಷ್ಟೇ. ರಜೆ ನಮ್ಮ ರಜೆ. ಮನೆಯಿಂದ ನಡೆದುಹೋಗುವ ದಾರಿ. ಬೇಡ ಎನ್ನಲು ಒಂದು ನೆಪವೂ ಸಿಗದ ಹಾಗಿತ್ತು.

ಒಂದು ಮಧ್ಯಾಹ್ನ ಸೊಸೆ ಕಾರ್ಖಾನೆಗೆ ಅರ್ಧ ದಿನ ಹೇಳಿ, ಹೋಗಿ ನೋಡಿ ಬಂದಳು. ಬಂದವಳು ನೆಟ್ಟಗೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ಇಸ್ತ್ರಿಯಮ್ಮ ಒಂದು ಅಂಗಿಯ ಕಾಲರಿಗೆ ನೀರು ಚಿಮುಕಿಸುತ್ತಿದ್ದಳು.

“ಹೇಗಿದೆ?”

“ಚೆನ್ನಾಗಿದೆ. ದೊಡ್ಡ ಕೋಣೆ, ಗಾಳಿ ಬೆಳಕು ಇದೆ. ಹಾಸಿಗೆ ಬಟ್ಟೆ ಬರತ್ತೆ, ಮಡಚಿ ಇಡಬೇಕು. ಇನ್ನೊಂದು ರಾಶಿ ಬರತ್ತೆ, ಮಡಚಿ ಇಡಬೇಕು.”

“ಮತ್ತೆ?”

“ಮತ್ತೇನಿಲ್ಲ ಅತ್ತೆ.” ಅವಳು ತೂಗುಹಾಕಿದ್ದ ಅಂಗಿಯ ತೋಳನ್ನು ಹಿಡಿದು ಬಿಟ್ಟಳು. “ಕಾರ್ಖಾನೇಲಿ ಹೊಸ ಬಟ್ಟೆ ಬಂದ್ರೆ ಮೇಸ್ತ್ರಿ ಮೊದಲು ನನ್ನ ಕರೀತಾರೆ. ಮುಟ್ಟಿ ನೋಡಮ್ಮ, ಮಳೆ ತಡೆಯತ್ತಾ ಅಂತಾರೆ. ಅಷ್ಟು ವರ್ಷ ಆದ ಮೇಲೆ ನನ್ನನ್ನೂ ಒಂದು ಮಾತು ಕೇಳ್ತಾರೆ. ಅದೇನು ದೊಡ್ಡ ವಿಷಯ ಅಲ್ಲ ಬಿಡಿ.”

“ಅವನಿಗೆ ಹೇಳಿದ್ಯಾ ಇದನ್ನ?”

“ಹೇಳಿದ್ರೆ, ಮಗುಗಿಂತ ನಿನಗೆ ಛತ್ರಿನೇ ಹೆಚ್ಚಾ ಅಂತಾರೆ. ಮೆಣಸು ಅವತ್ತು ನಿಂತ ರೀತಿ ನೀವೂ ನೋಡಿದ್ರಲ್ಲ. ನನಗೆ ಬಾಯಿ ಬರ್ತಿಲ್ಲ.” ಸ್ಟೂಲಿನಿಂದ ಎದ್ದು, “ಬರೋ ತಿಂಗಳಿಂದ ಸೇರ್ತೀನಿ ಅಂದುಬಿಡ್ತೀನಿ,” ಎಂದಳು.

ಕಾಲರಿನ ಮೇಲಿಟ್ಟ ಇಸ್ತ್ರಿಪೆಟ್ಟಿಗೆ ಒಂದು ಕ್ಷಣ ಹೆಚ್ಚು ನಿಂತಿತು. ಇಸ್ತ್ರಿಯಮ್ಮನ ಜನ್ಮದಲ್ಲಿ ಆಗದ್ದು, ಬಟ್ಟೆ ಕಂದಿತು. ಮಾಸ್ತರರ ಅಂಗಿ. ಅವರಿಗೆ ಏನು ಹೇಳುವುದೆಂದು ಆಮೇಲೆ ಯೋಚಿಸಿದರಾಯಿತು ಎಂದು ಮಡಚಿ ರಾಶಿಯ ಅಡಿಯಲ್ಲಿ ಇಟ್ಟಳು.

ಅದರ ಮರುವಾರವೇ ನಮ್ಮ ಬಾವುಟದ ದಿನ. ಊರೆಲ್ಲ ಮನೆಯಲ್ಲಿ. ಸೊಸೆ ಎಂದಿನಂತೆ ಡಬ್ಬಿ ಹಿಡಿದು ಹೊರಟಳು. ಇನ್ನು ಮುಂದೆ ಹೀಗಿರುವುದಿಲ್ಲ ಎಂಬ ಹುರುಪಿನಲ್ಲಿ ಡ್ರೈವರ್ ತಾನೇ ಅಡಿಗೆಮನೆಗೆ ನುಗ್ಗಿ ಅನ್ನಕ್ಕಿಟ್ಟ. ಮಗಳ ಜಡೆ ಹೆಣೆಯುತ್ತಾ ಕೂತವನು ಅನ್ನ ಮರೆತ. ಜಡೆಯೂ ಸೊಟ್ಟ, ಅನ್ನವೂ ಸೀದಿತು.

“ಅಪ್ಪಾ, ಕರಿ ಅನ್ನ!” ಮೆಣಸು ಕುಣಿದಳು.

“ಮೇಲಿನದು ತಿನ್ನು, ಬಿಳಿ ಇದೆ. ಬರೋ ತಿಂಗಳಿಂದ ಇಂಥ ದಿನ ಅಮ್ಮನೇ ಮನೇಲಿರ್ತಾಳೆ, ನಿನಗೆ ಬೇಕಾದ್ದು ಮಾಡಿಕೊಡ್ತಾಳೆ.”

“ಆಮೇಲೆ ನೀನು ಜಡೆ ಹಾಕಲ್ವಾ?”

ಡ್ರೈವರ್ ಅವಳ ತಟ್ಟೆಗೆ ಇನ್ನಷ್ಟು ಬಿಳಿ ಅನ್ನ ಹಾಕಿದ. ಸಿಪಾಯಿ ತಾತ ಸೀದದ್ದನ್ನೂ ಬಿಡದೆ ತಿನ್ನುತ್ತಿದ್ದ. ಅವನಿಗೆ ಪಡೆಯಲ್ಲೇ ಅಭ್ಯಾಸ.

ಊಟವಾದ ಮೇಲೆ ಇಸ್ತ್ರಿಯಮ್ಮ ಪಾತ್ರೆ ಉಜ್ಜಲು ಕೂತಳು. ತಳ ಹಿಡಿದ ಪಾತ್ರೆ ಎದುರಿಗಿತ್ತು. ಉಜ್ಜುತ್ತಲೇ ಮಗನನ್ನು ಕರೆದಳು.

“ಡಿಪೋದಲ್ಲಿ ರಜ ಅದಲುಬದಲು ಮಾಡ್ಕೋತಾರಲ್ಲೋ?”

“ಮಾಡ್ಕೋತಾರೆ. ಯಾಕೆ?”

“ಬಾವುಟದ ದಿನದ ರಜ ನೀನು ಬಿಟ್ಟುಕೊಟ್ರೆ ಯಾರಾದರೂ ತಗೋತಾರಾ?”

“ಮುಗಿಬೀಳ್ತಾರೆ.”

“ಹಾಗಾದ್ರೆ ಕೊಟ್ಟುಬಿಡು. ಅದರ ಬದಲು ಅವಳಿಗೆ ರಜ ಇರೋ ದಿನ ನೀನು ತಗೋ. ಎಲ್ಲಾನೂ ಬೇಡ. ಕೆಲವು ಕೊಟ್ಟು ಕೆಲವು ತಗೋ. ಮಗುನೂ ನಿನ್ನ ಕೈಲಿ ಜಡೆ ಹಾಕಿಸ್ಕೊಳ್ಳತ್ತೆ, ಅವಳ ಮಡಿಲಲ್ಲೂ ಕೂರತ್ತೆ.”

ಮಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. “ನಾನು ಅವರ ದೇಶದ ರಜ ಮಾಡಬೇಕಾ? ಡಿಪೋದಲ್ಲಿ ಏನಂತಾರೆ ಗೊತ್ತಾ? ಹೆಂಡತಿ ಬಾವುಟಕ್ಕೆ ಸಲಾಮ್ ಹೊಡೆಯೋನು ಅಂತಾರೆ.”

“ಅಂದ್ರೆ ಅನ್ನಲಿ. ನಿನ್ನ ಮೈಗೆ ಅಂಟತ್ತಾ?”

“ಅವಳು ಕೆಲಸ ಬದಲಾಯಿಸ್ತೀನಿ ಅಂತ ಒಪ್ಪಿದ್ದಾಳಲ್ಲಮ್ಮ.”

“ಒಪ್ಪಿದ್ದಾಳೆ. ಒಪ್ಪಿದ ಮೇಲೆ ಅವಳು ನಕ್ಕಿದ್ದು ನೋಡಿದ್ಯಾ ನೀನು?”

ಹೊರಗಿನ ಕಟ್ಟೆಯ ಮೇಲಿಂದ ಸಿಪಾಯಿ ತಾತನ ದನಿ ಬಂತು. ಎಲ್ಲ ಕೇಳಿಸಿಕೊಳ್ಳುತ್ತಿದ್ದ. “ಏಯ್ ಡ್ರೈವರ್! ಅವರು ಯುದ್ಧ ಗೆದ್ದ ದಿನ ನಾನು ಈ ಮನೇಲಿ ಬನ್ ತಂದು ತಿಂದಿದ್ದೀನಿ. ನನ್ನ ಕಾಲೇ ಸುಮ್ಮನಿರುವಾಗ ನಿನ್ನ ಮೀಸೆಗೇನೋ ಧಾಡಿ?”

“ಚಿಕ್ಕಪ್ಪಾ, ನೀವು ಸುಮ್ಮನಿರಿ.”

“ಸುಮ್ಮನಿದ್ದೆ ಇಷ್ಟು ವರ್ಷ. ಬನ್ ತಿಂತಾ ಇದ್ದೆ.”

ಡ್ರೈವರ್ ಒಳಗೆ ಹೋದ. ಇಸ್ತ್ರಿಯಮ್ಮನ ಪಾತ್ರೆ ಆಗಲೇ ಬೆಳ್ಳಗಾಗಿತ್ತು. ಆದರೂ ಅವಳು ಉಜ್ಜುತ್ತಲೇ ಇದ್ದಳು. ಏನನ್ನು ಎತ್ತಿ ಕೊಟ್ಟುಬಿಟ್ಟೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಮಾತು ಮಗನ ತಲೆಯಲ್ಲಿ ಕೂತಿತು. ಎರಡು ಮೂರು ದಿನ ಕಳೆದು, ಒಂದು ಸಂಜೆ ಚಪ್ಪಲಿ ಬಿಡುತ್ತಲೇ, “ಆಸ್ಪತ್ರೆಯವನಿಗೆ ಬೇಡ ಅಂತ ಹೇಳಿಬಿಟ್ಟೆ,” ಎಂದ. ಸೊಸೆಯ ಕೈಯಲ್ಲಿದ್ದ ಸೌಟು ನಿಂತಿತು. “ಗಿಡ ನೆಡೋ ದಿನ ನನಗೂ ರಜ. ಡಿಪೋದಲ್ಲಿ ಎಲ್ಲರೂ ನನಗೊಂದು ಗಿಡ ತಂದುಕೊಡ್ತಾರಂತೆ, ನೆಡೋಕೆ. ನಗಲಿ ಮುಂಡೇವು.”

ಶಾಲೆಗೆ ಇಸ್ತ್ರಿಯಮ್ಮನೇ ಹೋದಳು. ದೊಡ್ಡ ಟೀಚರ್ ಕನ್ನಡಕದ ಮೇಲಿಂದ ನೋಡಿ, ಬೇರೆ ದೇಶದ ರಜೆಯನ್ನೆಲ್ಲ ಶಾಲೆ ಕೊಡಲಿಕ್ಕಾಗುತ್ತದೆಯೇ ಅಮ್ಮಾ ಎಂದು ಕೇಳಿದರು. ಆಮೇಲೆ ಇಳಿದ ದನಿಯಲ್ಲಿ, “ಅಂಥ ದಿನ ಮಧ್ಯಾಹ್ನ ನೀವ್ಯಾರಾದರೂ ಬಂದು ಕರ್ಕೊಂಡು ಹೋಗಿ. ಒಬ್ಬಳೇ ಗೇಟು ದಾಟಿದ್ರೆ ಮಾತ್ರ ನಾನು ಸುಮ್ಮನಿರಲ್ಲ,” ಎಂದರು.

ಗಿಡ ನೆಡುವ ದಿನ ಬೆಳಗ್ಗೆ ಇಸ್ತ್ರಿಯಮ್ಮ ಮನೆಯಲ್ಲಿ ಯಾರೂ ಏಳುವ ಮೊದಲೇ ಅಂಗಡಿಯ ಹಲಗೆ ತೆಗೆದಳು. ಸೈಕಲ್ ಅಂಗಡಿಯವನು ಏನೋ ಕೇಳಲು ಬಾಯಿ ತೆರೆದ. ಅವಳ ಮುಖ ನೋಡಿ ಪಂಕ್ಚರ್ ಕಡೆ ತಿರುಗಿದ. ಮಧ್ಯಾಹ್ನ ಮಗ ಮೆಣಸನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಡಿಯ ಮುಂದೆಯೇ ಹಾದುಹೋದ. ಮಗು, “ಅಜ್ಜೀ, ನನಗೂ ರಜ!” ಎಂದು ಕೂಗಿತು. ಮನೆಯ ಕಡೆಯಿಂದ ಈರುಳ್ಳಿ ಹುರಿಯುವ ವಾಸನೆ, ಮಗನ ಜೋರು ನಗು, ಪಾತ್ರೆ ಬಿದ್ದ ಸದ್ದು. ಅವಳು ಒಂದು ದುಪ್ಪಟಿಯನ್ನು ಬಿಚ್ಚಿ ಮತ್ತೆ ಮಡಚಿದಳು.

ಬಿಸಿಲು ಇಳಿಯುವ ಹೊತ್ತಿಗೆ ಸೊಸೆ ತಟ್ಟೆ ಮುಚ್ಚಿಕೊಂಡು ಬಂದಳು.

“ಊಟಕ್ಕೂ ಬರಲಿಲ್ಲ. ಏನತ್ತೆ ಇದು?”

“ಬಟ್ಟೆ ರಾಶಿ ಬಿದ್ದಿತ್ತು.”

ಸೊಸೆ ಮೇಜು ನೋಡಿದಳು, ಮೇಜಿನ ಕೆಳಗೆ ಬಗ್ಗಿ ನೋಡಿದಳು. “ಎಲ್ಲಿದೆ ರಾಶಿ? ಒಂದು ದುಪ್ಪಟಿ ಇದೆ. ಅದೂ ನಮ್ಮನೇದು.”

ಇಸ್ತ್ರಿಯಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಕಣ್ಣಲ್ಲೇ ನೀರೂ ಬಂತು. ಸೆರಗಿನಿಂದ ಒರೆಸಿಕೊಂಡಳು. “ಮಗ ಬಂದಿದ್ದಾನೆ, ಮಗು ಬಂದಿದೆ. ನಾನೆಲ್ಲಿ ನಡುವೆ? ನೀನು ಒಲೆ ಮುಂದೆ ನಿಂತಿದ್ದೀಯಾ ಇವತ್ತೂ?”

“ನಿಲ್ಲಲಿಲ್ಲ. ಅಪ್ಪ ಮಗಳಿಗೇ ಬಿಟ್ಟೆ. ಅಡಿಗೆಮನೆ ನೋಡಿದ್ರೆ ನೀವು ಅಳ್ತೀರ.” ಸೊಸೆ ಸ್ಟೂಲು ಎಳೆದುಕೊಂಡು ಹತ್ತಿರ ಕೂತಳು. “ಅತ್ತೆ, ಅವರಿಗೆ ರಜ ಬದಲಾಯಿಸ್ಕೋ ಅಂದಿದ್ದು ನೀವು ಅಂತ ಮಾವ ಹೇಳಿದ್ರು. ನಮ್ಮಿಬ್ಬರ ದಿನ ಹೋಗತ್ತೆ ಅಂತ ಗೊತ್ತಿದ್ದೂ ಹೇಳಿದ್ರಿ.”

“ನಿನ್ನ ಕೆಲಸ ಉಳೀತಲ್ಲ. ತಿನ್ನೋಣ ಬಾ, ಆರಿಹೋಗತ್ತೆ.”

ಇಬ್ಬರೂ ಒಂದೇ ತಟ್ಟೆಯಲ್ಲಿ ತಿಂದರು. ಮೊಟ್ಟೆಗೆ ಉಪ್ಪು ಹೆಚ್ಚಾಗಿತ್ತು. ಕೈ ತೊಳೆದುಕೊಂಡು ಸೊಸೆ ಎಂದಳು, “ಬರೋ ವಾರ ಇಲ್ಲಿ ಸೈನಿಕರ ದಿನ. ನಿಮ್ಮ ಅಂಗಡಿಗೆ ಒಂದು ನೊಣಾನೂ ಬರಲ್ಲ. ನನ್ನ ಜೊತೆ ಬನ್ನಿ.”

“ಎಲ್ಲಿಗೆ?”

“ಕೆಲಸಕ್ಕೆ. ಆಚೆಗೆ.”

“ಅಯ್ಯೋ, ನಾನ್ಯಾಕೆ? ಸೇತುವೆ ಮಧ್ಯದವರೆಗೂ ಹೋದವಳಲ್ಲ. ಬಿಡ್ತಾರಾ ನನ್ನ?”

“ಮೇಸ್ತ್ರಿನ ಕೇಳಿದ್ದೀನಿ. ಬರಲಿ ಅಂದ್ರು. ನೀವು ಒಳ್ಳೆ ಸೀರೆ ಉಡಬೇಡಿ, ಒದ್ದೆ ಆಗತ್ತೆ.”

ಒದ್ದೆ ಯಾಕಾಗುತ್ತದೆ ಎಂದು ಎಷ್ಟು ಕೇಳಿದರೂ ಅವಳು ಬಾಯಿ ಬಿಡಲಿಲ್ಲ.

ಸೈನಿಕರ ದಿನ ಬೆಳಗ್ಗೆ ಸಿಪಾಯಿ ತಾತ ಪದಕ ಹಾಕಿಕೊಂಡು, ಇಸ್ತ್ರಿಯಮ್ಮ ಗರಿಗರಿ ಮಾಡಿಕೊಟ್ಟ ಕೋಟು ತೊಟ್ಟು, ಮೆಣಸಿನ ಕೈಹಿಡಿದು ಮೆರವಣಿಗೆಗೆ ಹೊರಟ. ಡ್ರೈವರ್ ಯಾರದೋ ಬದಲಿಗೆ ಬಸ್ಸು ಹತ್ತಿದ. ಅತ್ತೆ ಸೊಸೆ ಎರಡು ಡಬ್ಬಿ ಹಿಡಿದು ಸೇತುವೆಯ ಕಡೆ ನಡೆದರು. ಕಾವಲಿನ ಹುಡುಗ ಚೀಟಿ ನೋಡಿ, “ಏನಮ್ಮಾ, ಸೊಸೆ ಓಡಿಹೋಗ್ತಾಳೆ ಅಂತ ಜೊತೆಗೆ ಬಂದ್ರಾ?” ಎಂದ. “ಇಲ್ಲಪ್ಪ, ನಾನೇ ಓಡಿಹೋಗ್ತಿದ್ದೀನಿ. ಇವಳು ಬಿಟ್ಟುಬರೋಕೆ ಬಂದಿದ್ದಾಳೆ,” ಎಂದಳು ಇಸ್ತ್ರಿಯಮ್ಮ.

ಆಚೆ ದಡದಲ್ಲಿ ಅಂದು ಮಾಮೂಲಿ ದಿನ. ಅಂಗಡಿಗಳು ತೆರೆದಿದ್ದವು, ಮಕ್ಕಳು ಶಾಲೆಗೆ ಓಡುತ್ತಿದ್ದರು. ಕಾರ್ಖಾನೆಯ ಉದ್ದನೆಯ ಕೋಣೆಗಳಲ್ಲಿ ಹೆಂಗಸರು ಕಡ್ಡಿಗೆ ಬಟ್ಟೆ ಬಿಗಿಯುತ್ತಿದ್ದರು. ‘ಅತ್ತೆ ಬಂದ್ರು, ಅತ್ತೆ ಬಂದ್ರು’ ಎಂದು ಸಾಲಿನುದ್ದಕ್ಕೂ ಪಿಸುಮಾತು ಓಡಿತು. ಸೊಸೆ ಅವಳನ್ನು ಕೊನೆಯ ಕೋಣೆಗೆ ಕರೆದುಕೊಂಡು ಹೋಗಿ, ಗೋಡೆಯ ಮೇಲಿನ ಚಕ್ರ ತಿರುಗಿಸಿದಳು.

ಮಾಡಿನ ಕೊಳವೆಗಳಿಂದ ಸುರಿಯಿತು ಮಳೆ. ಹೊರಗೆ ಬಿರುಬಿಸಿಲು, ಒಳಗೆ ಹನಿ ಹನಿ ಮಳೆ. ಇಸ್ತ್ರಿಯಮ್ಮ ಸೆರಗು ತಲೆಗೆಳೆದುಕೊಂಡು ಹಿಂದೆ ಸರಿದಳು.

“ಇದೇ ಅತ್ತೆ ನನ್ನ ಕೆಲಸ. ಇದರ ಕೆಳಗೆ ನಿಂತು ತಲೆಯೆತ್ತಿ ನೋಡೋದು.” ಸೊಸೆ ಒಂದು ಕರಿ ಛತ್ರಿ ಬಿಚ್ಚಿ ಮಳೆಯೊಳಗೆ ಕಾಲಿಟ್ಟಳು, ಕೈ ಚಾಚಿದಳು. “ಬನ್ನಿ. ಎರಡು ಕಣ್ಣಿಗಿಂತ ನಾಲ್ಕು ಕಣ್ಣು ಒಳ್ಳೇದು.”

ಇಸ್ತ್ರಿಯಮ್ಮ ಚಪ್ಪಲಿ ಬದಿಗಿಟ್ಟು ಛತ್ರಿಯಡಿಗೆ ಹೋದಳು. ನೀರು ಬಟ್ಟೆಯ ಮೇಲೆ ಬಡಿಯುವ ಸದ್ದಿನಲ್ಲಿ ಬೇರೆ ಯಾವ ದನಿಯೂ ಒಳಗೆ ಬರುವಂತಿರಲಿಲ್ಲ. ಭುಜಕ್ಕೆ ಭುಜ ತಾಗಿಸಿ ನಿಂತು, ಒಂದೊಂದೇ ಕಡ್ಡಿ, ಒಂದೊಂದೇ ಹೊಲಿಗೆ ನೋಡುತ್ತಾ ಹೋದಳು. ಸುಕ್ಕು ಹುಡುಕಿ ಹುಡುಕಿ ಪಳಗಿದ ಕಣ್ಣು. ತುದಿಯ ಹತ್ತಿರ, ಎರಡು ಬಟ್ಟೆ ಕೂಡುವಲ್ಲಿ, ಒಂದು ಹನಿ ಊದಿಕೊಳ್ಳುತ್ತಾ ಇತ್ತು. ಅದು ಅವಳ ಕೆನ್ನೆಯ ಮೇಲೆ ಬಿತ್ತು.

“ಸರಿಯಿದೆಯಾ ಅತ್ತೆ?”

“ಎಲ್ಲಿ ಸರಿಯಿದೆ? ಸೋರತ್ತೆ ಇದು,” ಎಂದಳು ಇಸ್ತ್ರಿಯಮ್ಮ, ಕೆನ್ನೆ ಒರೆಸಿಕೊಳ್ಳದೆಯೇ. “ಆಚೆಗಿಡು. ಇನ್ನೊಂದು ಬಿಚ್ಚು, ನೋಡೋಣ.”